ಮರಳಿಗೆ ಬಿದ್ದ ಅನ್ನ

ಪ್ರೀತಿಯ ಅರಮಾತ ಅತ್ತೆಗೆ,

ಕಸುಮಾಯ್?

ಶಾಂತಿಯೇ ಎಂದು ಯಾರಾದರೂ ಕೇಳಿದರೆ ಶಾಂತಿಯೊಂದೇ ಎನ್ನಬೇಕು, ಮನೆಯೊಳಗೆ ಹೆಣವಿದ್ದರೂ ಜೋಲಾ ಕುಲದ ಮಕ್ಕಳು ಹಾಗೆಯೇ ಹೇಳಬೇಕು ಎಂದು ನೀನು ಕಲಿಸಿದ್ದೆ. ಈ ಸಲ ನಿನ್ನ ಉತ್ತರವನ್ನು ನಾನೇ ಬರೆದುಕೊಂಡು ಮುಂದಿನ ಸಾಲಿಗೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಪ್ರಶ್ನೆಯನ್ನು ಮೇಲೆ ಹಾಗೆಯೇ ಬಿಟ್ಟಿದ್ದೇನೆ.

ಈ ಕಾಗದವನ್ನು ಸಿಗಾ ಫಾಯ್ ಕೈಗೆ ಕೊಟ್ಟಿದ್ದೇನೆ. ಹೊಗೆಮೀನಿನ ಬುಟ್ಟಿ ಹೊತ್ತು ಗುರುವಾರ ಅವಳು ದೋಣಿಯಲ್ಲಿ ಹೊಳೆ ದಾಟುತ್ತಾಳೆ. ಬೇರೆ ಯಾರನ್ನು ಕಳಿಸಿದ್ದರೂ ನೀನೀಗಿರುವ ಗಡಿಯಾಚೆಯ ದೊಡ್ಡತ್ತೆಯ ಮನೆ ಬಾಗಿಲಿನಿಂದಲೇ ಹಿಂದೆ ಕಳಿಸುತ್ತಿದ್ದೆ. ಆದರೆ ಸೇರೇರ್ ಹೆಂಗಸು ಬಂದರೆ ಜೋಲಾ ಹೆಂಗಸು ಬಾಗಿಲು ಹಾಕುವ ಹಾಗಿಲ್ಲ. ಬೈದುಕೊಂಡಾದರೂ ಒಳಗೆ ಕರೆದು ಅನ್ನ ಹಾಕಬೇಕು. ಒಬ್ಬರನ್ನೊಬ್ಬರು ಬೈದು ನಗಲೆಂದೇ ಎರಡು ಕುಲಗಳ ನಡುವೆ ಅಜ್ಜಂದಿರ ಕಾಲದಿಂದ ಬಂದ ನಗೆನಂಟಸ್ತಿಕೆ ಅದು. ಸಿಗಾ ಹೇಳಿದಳು: "ಕಾಗದ ಕೊಡ್ತೀನಿ ಕಣೇ. ಆದ್ರೆ ಮೊದಲು ನನ್ನ ಗುಲಾಮಳನ್ನ ಚೆನ್ನಾಗಿ ಬಯ್ತೀನಿ. ಎರಡು ತಿಂಗಳಿಂದ ಬಯ್ಯೋಕೆ ಅಂತ ಒಬ್ಬಳೂ ಸಿಕ್ಕದೆ ನಾಲಿಗೆ ತುಕ್ಕು ಹಿಡಿದಿದೆ." ಹಾಗೆನ್ನುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಕೇಳಿದರೆ ಹೊಗೆ ಎಂದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಅತ್ತೆ, ನಿನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ಅದಕ್ಕೆ ಮೊದಲು ಗೊತ್ತಿರುವುದನ್ನೂ ಹೇಳಿಕೊಳ್ಳುತ್ತೇನೆ. ಅದನ್ನೂ ನಾವಿಬ್ಬರು ಎದುರು ಬದುರು ಕೂತು ಆಡಿಲ್ಲ.

ನಿನ್ನ ತಮ್ಮನನ್ನು, ನನ್ನ ಅಪ್ಪನನ್ನು, ಕಡಲು ತೆಗೆದುಕೊಂಡಿತು, ಅಮ್ಮನನ್ನು ಹೆರಿಗೆ. ಐದು ವರ್ಷದ ನನ್ನನ್ನು ನೀನು ಕರೆತಂದೆ. ನನ್ನ ಅಮ್ಮ ಯಾಂದೆ ಸೇರೇರ್ ಕುಲದವಳು, ನಿನ್ನ ನಗೆನಂಟಳು. ಅವಳು ಬದುಕಿದ್ದಾಗ ನಿನ್ನನ್ನು 'ನನ್ನ ಗುಲಾಮಳು' ಎನ್ನುತ್ತಿದ್ದಳಂತೆ, ನೀನು ಅವಳನ್ನು 'ಅಕ್ಕಿ ಕಳ್ಳಿ' ಎನ್ನುತ್ತಿದ್ದೆಯಂತೆ. ನಾನು ತುಂಟತನ ಮಾಡಿದಾಗಲೆಲ್ಲ "ಇದು ಅವಳ ರಕ್ತ, ನಮ್ಮದಲ್ಲ" ಎಂದು ನೀನು ನಗುತ್ತಿದ್ದೆ. ಊಟಕ್ಕೆ ಕೂತಾಗ ಮಾತ್ರ ನಗುವಿರಲಿಲ್ಲ. ಎಲ್ಲರ ನಡುವೆ ಒಂದೇ ಬೋಗುಣಿ. ದೊಡ್ಡವರು ಉಣ್ಣುವಾಗ ಅದು ಅಲುಗಾಡದ ಹಾಗೆ ಚಿಕ್ಕವರು ಎಡಗೈಯಿಂದ ಅಂಚು ಹಿಡಿದಿರಬೇಕು. ಹತ್ತೊಂಬತ್ತರ ವಯಸ್ಸಿನಲ್ಲಿ ನಾನು ಅಂಚು ಹಿಡಿದೇ ನಿನ್ನ ಅಧ್ಯಕ್ಷರನ್ನು ಬಯ್ಯುತ್ತಿದ್ದೆ. ಕೈ ತಾನಾಗಿ ಮೇಲೇಳುತ್ತಿತ್ತು. "ರಾಜಕೀಯ ಆಮೇಲೆ ಮಾಡುವಂತೆ. ಮೊದಲು ಅಂಚು ಹಿಡಿ" ಎನ್ನುತ್ತಿದ್ದೆ ನೀನು.

ನನಗೆ ಓದು ಬಂದದ್ದು ರೊಟ್ಟಿಯಂಗಡಿಯಿಂದ. ಬೆಳಗಿನ ರೊಟ್ಟಿಗೆ ಸುತ್ತಿಕೊಡುವ ಹಾಳೆಗಳಲ್ಲಿ ಗಡಿಯಾಚೆಯ ಡಾಕರಿನಿಂದ ಕದ್ದು ಬಂದ ಕರಪತ್ರಗಳೂ ಇರುತ್ತಿದ್ದವು. ಎಣ್ಣೆ ಹತ್ತಿದ ಅರ್ಧರ್ಧ ಪುಟ. ಉಳಿದರ್ಧವನ್ನು ಸಂಬುಜಾಂಗ್ ಮೇಷ್ಟ್ರು ಹೇಳಿಕೊಡುತ್ತಿದ್ದರು. ಆಮೇಲೆ ಒಂದು ದಿನ ಸಂಖ್ಯೆಯಿಲ್ಲದ ಕಾರು ಶಾಲೆಯ ಮುಂದೆ ನಿಂತಿತು. ಮೇಷ್ಟ್ರು ಸೀಮೆಸುಣ್ಣ ಹಿಡಿದ ಕೈಯಲ್ಲೇ ಹತ್ತಿದರು, ಮತ್ತೆ ಬರಲಿಲ್ಲ. ಅವರೆಲ್ಲಿ ಎಂದು ನಿನ್ನನ್ನು ಕೇಳಿದೆ. ನೀನು ಮೀನಿಗೆ ಉಪ್ಪು ಹಚ್ಚುತ್ತಿದ್ದೆ. ಹಚ್ಚಿದ ಮೀನಿಗೇ ಮತ್ತೊಮ್ಮೆ ಉಪ್ಪು ಹಚ್ಚಿದೆ. ಆ ಮೀನನ್ನು ನಾವು ಮೂರು ದಿನ ತಿಂದೆವು, ಉಪ್ಪು ಹೆಚ್ಚಾಗಿದೆ ಎಂದು ಯಾರೂ ಹೇಳಲಿಲ್ಲ.

ನೀನು ಹಸಿರು ಬಟ್ಟೆಯವಳು. ಅಧ್ಯಕ್ಷರ ಮುಖ ಅಚ್ಚಾದ ಆ ಬಟ್ಟೆಯುಟ್ಟು ಊರಿನ ಹೆಂಗಸರನ್ನೆಲ್ಲ ಕೂಡಿಸಿ ಸಭೆಗೆ ಕುಣಿಸಿಕೊಂಡು ಹೋಗುವವಳು. ನನಗೆ ನಾಚಿಕೆಯಾಗುತ್ತಿತ್ತು. ಒಮ್ಮೆ ಮುಖಕ್ಕೇ ಹೇಳಿದ್ದೆ. ಆಗ ನೀನು ಸೌಟು ಕೆಳಗಿಟ್ಟು ಹೇಳಿದ ಮಾತು ಇದು:

"ಏಳು ವರ್ಷ ಇದ್ದಾಗ ನಿಂಗೆ ಜ್ವರ ಬಂತು. ಬ್ರಿಕಾಮಾದ ಆಸ್ಪತ್ರೆವರೆಗೂ ಹೊತ್ಕೊಂಡು ನಡೆದೆ. ದಾರೀಲಿ ಎರಡು ಸಲ ನಿನ್ನ ಮೂಗಿನ ಹತ್ರ ಬೆರಳಿಟ್ಟು ನೋಡಿದೆ. ಮುಂದಿನ ವರ್ಷ ನಮ್ಮೂರಿಗೇ ಆಸ್ಪತ್ರೆ ಬಂತು. ಅದನ್ನ ಕಟ್ಟಿಸಿದೋನು ಯಾವನೇ ಆಗಿರಲಿ, ನನ್ನ ಮಂಡಿ ಮುರಿಯೋವರೆಗೂ ಅವನಿಗೆ ಕುಣೀತೀನಿ."

"ಅವನ ಜೇಬಿಂದ ಕಟ್ಟಿಸಲಿಲ್ಲ ಅತ್ತೆ. ನಮ್ಮ ದುಡ್ಡು ಅದು."

"ಹಾಗಾದ್ರೆ ನಮ್ಮ ದುಡ್ಡು ಮೊದಲೂ ಇತ್ತಲ್ಲ? ನಿಮ್ಮಮ್ಮ ಹೆರೋವಾಗ ಎಲ್ಲಿ ಹೋಗಿತ್ತೇ ಅದು?"

ನನ್ನ ಯಾವ ಕರಪತ್ರದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಉತ್ತರ ಇಲ್ಲದ್ದಕ್ಕೆ ನಿನ್ನ ಮೇಲೆ ಕೋಪ ಮಾಡಿಕೊಂಡೆ.

ಮತದಾನದ ದಿನ ಒಂದೇ ಸಾಲಿನಲ್ಲಿ ನಿಂತಿದ್ದೆವು. ಮುಂದೆ ನೀನು, ಹಿಂದೆ ನಾನು. ಮೀನು ಮಾರುವ ಒಬ್ಬ ಅಭ್ಯಾಸ ಬಲದಿಂದ ಸೈಕಲ್ ತುಳಿದುಕೊಂಡು ಬಂದುಬಿಟ್ಟ. ಪೊಲೀಸರು ದೂರದಲ್ಲೇ ತಡೆದರು. ಮತದ ಗೋಲಿ ಪಕ್ಷದ ಬಣ್ಣದ ಡ್ರಮ್ಮಿಗೆ ಬಿದ್ದಾಗ ಒಳಗೆ ಗಂಟೆ ಹೊಡೆಯಬೇಕು, ಒಂದೇ ಸಲ ಹೊಡೆಯಬೇಕು. ಹೊರಗೆ ಸೈಕಲ್ ಗಂಟೆ ಹೊಡೆದರೆ ಯಾರು ಎರಡು ಗೋಲಿ ಹಾಕಿದರು ಎಂದು ಗಲಾಟೆ. "ನಿನ್ನ ಸೈಕಲ್ಲೂ ಓಟು ಹಾಕುತ್ತೇನೋ? ಅದಕ್ಕಿನ್ನೂ ಹದಿನೆಂಟು ತುಂಬಿಲ್ಲ" ಎಂದು ನೀನು ಕೂಗಿದೆ. ಹಸಿರಿನವರು, ಎದುರು ಪಕ್ಷದ ಬೂದಿ ಬಣ್ಣದವರು ಎನ್ನದೆ ಇಡೀ ಸಾಲು ನಕ್ಕಿತು. ಶಾಯಿ ಹಚ್ಚಿದ ಬೆರಳು ಒಣಗಿಸಿಕೊಳ್ಳುತ್ತ ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದೆ: "ಗೋಲೀನ ಬಹಳ ಹೊತ್ತು ಕೈಯಲ್ಲಿ ಹಿಡ್ಕೊಬೇಡ. ಬೇಗ ಹಾಕಿ ಬಾ. ಅನ್ನ ಆರುತ್ತೆ." ಯಾವ ಡ್ರಮ್ಮಿಗೆ ಎಂದು ನೀನು ಕೇಳಲಿಲ್ಲ. ನಾವು ಒಬ್ಬರನ್ನೊಬ್ಬರು ನಂಬಿದ್ದ ಕೊನೆಯ ದಿನ ಅದು ಎಂದು ಈಗ ಅನ್ನಿಸುತ್ತದೆ.

ಎಣಿಕೆಗೆ ನಮ್ಮ ಕಡೆಯ ಸಾಕ್ಷಿಯಾಗಿ ನಾನೇ ಕೂತಿದ್ದೆ. ಕುಳಿಗಳಿರುವ ಹಲಗೆಯ ಮೇಲೆ ಗೋಲಿ ಸುರಿದು ಕೈಯಿಂದ ಸವರಿದರೆ ಒಂದೊಂದು ಕುಳಿಗೆ ಒಂದೊಂದು ಗೋಲಿ. ಹಸಿರು ಡ್ರಮ್ಮಿನದು ಮುಗಿಯಿತು. ಬೂದಿ ಡ್ರಮ್ಮಿನ ಗೋಲಿಗಳು ಒಂದು ಹಲಗೆ ತುಂಬಿ, ಎರಡನೆಯದು ತುಂಬಿ, ಇನ್ನೂ ಉರುಳುತ್ತಿದ್ದವು. ಗೆಲ್ಲುತ್ತೇವೆ ಎಂದು ಊರೆಲ್ಲ ಕೂಗಿಕೊಂಡು ತಿರುಗಿದ್ದ ನಾನೇ ಮೊದಲು ನಂಬಲಿಲ್ಲ. ಹಸಿರು ಡ್ರಮ್ಮನ್ನು ಇನ್ನೊಮ್ಮೆ ಬೋರಲು ಹಾಕಿ ತೋರಿಸಿ ಎಂದು ಕೇಳಿದೆ. ಅದರೊಳಗಿಂದ ಬಿದ್ದದ್ದು ಗೋಲಿ ಪುಟಿಯದಿರಲೆಂದು ಹಾಕಿದ್ದ ಒಂದಿಷ್ಟು ಮರಳು ಮಾತ್ರ. ಮಾರನೆಯ ದಿನ, ಶುಕ್ರವಾರ, ರೇಡಿಯೋ ಅದನ್ನೇ ಇಡೀ ದೇಶಕ್ಕೆ ಹೇಳಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೂತಿದ್ದವರು ಸೋತಿದ್ದರು. ಸೋತೆ ಎಂದು ಅವರ ಬಾಯಿಂದಲೇ ಬಂತು. ಜನ ಬೀದಿಗೆ ಬಂದರು, ಆದರೆ ಹೇಗೆ ಕುಣಿಯುವುದೆಂದು ಯಾರಿಗೂ ತಿಳಿಯದು. ಅಲ್ಲಿಯವರೆಗೆ ಕುಣಿತವೆಲ್ಲ ಹಸಿರಿನದೇ ಆಗಿತ್ತಲ್ಲ. ಕೆಲವರು ಸುಮ್ಮನೆ ನಿಂತು ಅಳುತ್ತಿದ್ದರು. ಮೇಷ್ಟ್ರ ಹೆಂಡತಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ರಸ್ತೆಯನ್ನೇ ನೋಡುತ್ತ ಕೂತಿದ್ದರು, ಅವತ್ತೇ ಬಂದುಬಿಡುತ್ತಾರೆ ಎನ್ನುವ ಹಾಗೆ.

ಈಗ ನಿನಗೆ ಗೊತ್ತಿಲ್ಲದ್ದು. ಅವತ್ತು ನಿನ್ನ ಮನೆಯ ಮುಂದೆ ಸುಳ್ಳು ಹೆಣ ಬಂತಲ್ಲ, ಅದು ಸಿಗಾಳ ತಲೆಯಿಂದ ಹುಟ್ಟಿದ್ದಲ್ಲ. ನನ್ನದು. ನಾನೇ ಮೀನು ಸುಡುವ ಗುಡಿಸಲಿಗೆ ಓಡಿ "ನಮ್ಮತ್ತೆಯ ಅಧ್ಯಕ್ಷರು ಹೋದರು, ನೀವು ನಗೆನಂಟರು ಅಳೋಕೆ ಬರಲ್ವಾ?" ಎಂದೆ. ಸಾವಿನ ಮನೆಯಲ್ಲೂ ಬಂದು ಅಣಕಿಸುವ ಹಕ್ಕು ಅವರಿಗಿದೆ. ನಗೆನಂಟರ ಮಾತಿಗೆ ಯಾರೂ ಸಿಟ್ಟಾಗುವಂತಿಲ್ಲ, ಯಾರೂ ಕೈ ಎತ್ತುವಂತಿಲ್ಲ. ಆ ನಿಯಮದ ಒಳಗೆ ಏನು ಮಾಡಿದರೂ ಸರಿ ಎಂದು ನಾನು ನಂಬಿದ್ದೆ. ಹೆಣವೆಂದು ಹೊತ್ತ ಒನಕೆಗೆ ಸುತ್ತಿದ್ದ ಹಸಿರು ಬಟ್ಟೆ ಎಲ್ಲಿಂದ ಬಂತು ಎಂದು ನೀನು ಕೇಳಲೇ ಇಲ್ಲ. ನಿನ್ನ ಪೆಟ್ಟಿಗೆಯಿಂದ. ನೀನು ನಮಾಜಿಗೆ ನಿಂತಿದ್ದಾಗ ನಾನೇ ತೆಗೆದೆ. ಅಮ್ಮನ ಹಳೆಯ ತಲೆವಸ್ತ್ರವನ್ನೂ ಅದೇ ಪೆಟ್ಟಿಗೆಯಿಂದ ತೆಗೆದು ಕಟ್ಟಿಕೊಂಡೆ, ಅವಳ ಕಡೆಯವಳಾಗಿ ಬರಲು.

ಏಳು ಹೆಂಗಸರು ಮುಖಕ್ಕೆ ಬೂದಿ ಬಳಿದುಕೊಂಡು ಒನಕೆ ಹೊತ್ತು ಬಂದರು. "ಅಯ್ಯಯ್ಯೋ, ನಮ್ಮ ಗುಲಾಮಳ ಗಂಡ ಹೋದ್ನಪ್ಪೋ! ಇನ್ನು ಇವಳನ್ನ ಯಾರು ಕುಣಿಸ್ತಾರಪ್ಪೋ!" ಎಂದು ಸಿಗಾ ಎದೆ ಬಡಿದುಕೊಂಡಳು. ಬೆಳಗಿನಿಂದ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದ ನೀನು ಹೊರಗೆ ಬಂದೆ. ಕಣ್ಣು ಕೆಂಪಾಗಿತ್ತು. ಒಂದು ಗಳಿಗೆ ನಿಂತು ನೋಡಿದೆ. ಆಮೇಲೆ ನಿನಗೆ ನಗು ಬಂತು. ನಿಜವಾದ ನಗು, ಅತ್ತೆ, ಹೊಟ್ಟೆ ಹಿಡಿದುಕೊಳ್ಳುವಂಥದು.

"ಹೊಟ್ಟೆಬಾಕ ಸೇರೇರ್‌ಗಳಾ! ಹೆಣ ಹೊತ್ಕೊಂಡು ಬಂದ್ರೂ ಕಣ್ಣು ಮಾತ್ರ ನನ್ನ ಅನ್ನದ ಮೇಲೆ!" ಎನ್ನುತ್ತ ಒಳಗೆ ಹೋಗಿ ಶೇಂಗಾ ಸಾರು ಸುರಿದ ಅನ್ನವನ್ನು ದೊಡ್ಡ ಬೋಗುಣಿಯಲ್ಲಿ ತಂದೆ, ನೀಲಿ ಹೂವಿನ ಎನಾಮಲ್ ಬೋಗುಣಿ. ನನ್ನ ತಲೆವಸ್ತ್ರ ನೋಡಿದೆ. "ಓಹೋ, ಇವತ್ತು ಅಮ್ಮನ ಮಗಳಾಗಿ ಬಂದಿದೀಯ. ಬಾ, ತಿನ್ನು. ನನ್ನ ತಮ್ಮನ ಮಗಳು ಯಾವಾಗ ಬರ್ತಾಳೆ?" ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಷ್ಟರಲ್ಲಿ ಮುಖ್ಯರಸ್ತೆಯಿಂದ ನಮ್ಮ ಹುಡುಗರು ಬಂದರು, ನಮ್ಮ ಯುವಕ ಸಂಘದವರು. ಬೇರೆ ಊರಿನವರೂ ಲಾರಿಯಿಂದ ಇಳಿದರು. ನಗೆಯ ಮೊದಲ ಭಾಗವನ್ನು ಅವರು ಕೇಳಿರಲಿಲ್ಲ. ಅವರು ಕಂಡದ್ದು ಸುಡಬೇಕಾದ ಹಸಿರು ಬಟ್ಟೆ, ಮತ್ತು ಅನ್ನ ಹಿಡಿದು ನಿಂತ ಹಸಿರು ಹೆಂಗಸು. "ಆ ಅಧ್ಯಕ್ಷನ ಅನ್ನ ತಿನ್ನಬೇಡ್ರೋ!" ಎಂದು ಯಾರೋ ಕೂಗಿದರು. ನಮ್ಮ ಸಂಘದವನೇ ಆದ ಬಕರಿ ದಾಬೊ ಕಲ್ಲೆಸೆದ. ಅದು ಬೋಗುಣಿಗೆ ಬಡಿದ ಸದ್ದು ಥೇಟ್ ಡ್ರಮ್ಮಿನ ಒಳಗಿನ ಗಂಟೆಯ ಹಾಗಿತ್ತು. ಅನ್ನ ಮರಳಿಗೆ ಬಿತ್ತು. ಆಮೇಲೆ ಅವರು ನಿನ್ನ ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದರು, ಬೆಂಕಿ ಹಾಕಿದರು, ನಿನ್ನ ತಲೆವಸ್ತ್ರಕ್ಕೆ ಕೈ ಹಾಕಿ ಕಿತ್ತರು. ಐವತ್ತೆಂಟು ವರ್ಷದ ನೀನು ಬೀದಿಯಲ್ಲಿ ಬರಿತಲೆಯಲ್ಲಿ ನಿಂತೆ. ಸಿಗಾ ತನ್ನ ತಲೆವಸ್ತ್ರ ಬಿಚ್ಚಿ ನಿನ್ನ ತಲೆಯ ಮೇಲೆ ಹಾಕಿದಳು. "ಇದು ನಗೆ ಕಣ್ರೋ, ಇದು ನಗೆ!" ಎಂದು ಕಿರುಚಿದಳು. ನಗೆಯೆಂದರೇನೆಂದು ಅವರಿಗೆ ಹೇಳಬಲ್ಲವಳು ನಾನೊಬ್ಬಳೇ. ಅವರೆಲ್ಲರ ಹೆಸರು ನನಗೆ ಗೊತ್ತು. ಬಕರಿಗೆ ಅಕ್ಷರ ಕಲಿಸಿದವಳೇ ನಾನು. ನಿಲ್ಲಿಸಿ ಎಂದಿದ್ದರೆ ನಿಲ್ಲಿಸುತ್ತಿದ್ದರು.

ಹೆದರಿ ಸುಮ್ಮನಿದ್ದೆ ಎಂದು ನೀನು ತಿಳಿದಿರಬಹುದು. ಅಷ್ಟು ಒಳ್ಳೆಯವಳಾಗಿ ನನ್ನನ್ನು ತಿಳಿಯಬೇಡ. ಹಳೆಯ ಗೋಡೆ ಬೀಳುವಾಗ ಧೂಳು ಏಳಲೇಬೇಕು ಎಂದು ಎಲ್ಲೋ ಓದಿದ್ದೆ. ಆ ಸಾಲು ನನ್ನ ತಲೆಯೊಳಗೆ ಹಾದುಹೋಯಿತು. ಒಂದೇ ಒಂದು ಕ್ಷಣ ನನಗೆ ಹಿತವಾಯಿತು, ಅತ್ತೆ. ಎರಡು ಸಲ ಉಪ್ಪು ಹಚ್ಚಿದ ಮೀನಿಗೆ ಇದು ಸರಿಯಾಯಿತು ಅನ್ನಿಸಿತು. ಆ ಕ್ಷಣ ಮುಗಿದು ಬಾಯಿ ತೆರೆಯುವ ಹೊತ್ತಿಗೆ ಅವರು ಹೊರಟುಹೋಗಿದ್ದರು. ನೀನು ಬೋಗುಣಿ ಎತ್ತಿಕೊಂಡು ಒಳಗೆ ಹೋದೆ. ನನ್ನ ಕಡೆ ನೋಡಲಿಲ್ಲ.

ಒಂದು ವಾರದ ಮೇಲೆ, ಸೋತೆ ಎಂದವರೇ ಒಪ್ಪುವುದಿಲ್ಲ ಎಂದು ಟೀವಿಯಲ್ಲಿ ಹೇಳಿದರು. ಊರಿನವರು ಮತ್ತೆ ಬಾಗಿಲು ಹಾಕಿಕೊಂಡರು. ಮೂರನೆಯ ದಿನಕ್ಕೆ, ಹಸಿರು ಬಟ್ಟೆ ಸುಟ್ಟವರನ್ನು ಹುಡುಕಿಕೊಂಡು ಸೈನಿಕರ ವಾಹನ ನಿನ್ನ ಮನೆ ಮುಂದೆ ನಿಂತಿತು. ನಾನು ಸಿಗಾಳ ಗುಡಿಸಲಿನಲ್ಲಿ ಮೀನಿನ ಅಟ್ಟದ ಹಿಂದೆ ಕೂತಿದ್ದೆ. ಬಕರಿಯೂ ಅಲ್ಲೇ ಅಡಗಿದ್ದ. ನೀನು ಒಂದು ಹೆಸರು ಹೇಳಿದ್ದರೆ ಸಾಕಿತ್ತು. ಅವತ್ತು ನಡೆದದ್ದನ್ನು ಸಿಗಾ ನಿನ್ನ ಹೊಸಿಲಲ್ಲಿ ನಿಂತು ಕೇಳಿಸಿಕೊಂಡಿದ್ದಾಳೆ.

"ಯಾರಮ್ಮ ಇದೆಲ್ಲ ಮಾಡಿದ್ದು?"

"ಇನ್ಯಾರು ಮಾಡ್ತಾರಪ್ಪ, ನಮ್ಮ ಸೇರೇರ್ ನಗೆನಂಟರು. ನಗಿಸೋಕೆ ಬಂದಿದ್ರು. ಅವರು ಬಂದುಹೋದ ಮೇಲೆ ಮನೇಲಿ ಏನಾದ್ರೂ ಉಳಿಯುತ್ತಾ? ನಿಮ್ಮೂರಲ್ಲಿ ಇಲ್ವಾ ಅಂಥೋರು?"

"ಬೋಗುಣಿ ನೆಗ್ಗಿದೆಯಲ್ಲ?"

"ನನ್ನ ಕೈಯಿಂದ ಜಾರ್ತು. ವಯಸ್ಸಾಯ್ತಲ್ಲಪ್ಪ."

ಆ ಸೈನಿಕನೂ ಜೋಲಾ ಇದ್ದನಂತೆ. ತನ್ನ ಸೇರೇರ್ ನಾದಿನಿಯ ಕಥೆ ಹೇಳಿ ನಕ್ಕು, ನಿನ್ನ ಕೈಯಿಂದ ನೀರು ಕುಡಿದು ಹೋದನಂತೆ. ನಾನು ನೋಯಿಸಲು ಬಳಸಿದ ನಗೆಯನ್ನು ನೀನು ಕಂಬಳಿಯ ಹಾಗೆ ಬಿಡಿಸಿ ಎಲ್ಲರ ಮೇಲೂ ಹೊದಿಸಿದೆ. ಕಲ್ಲೆಸೆದವನ ಮೇಲೂ. ಅದಾಗಿ ಎರಡು ದಿನಕ್ಕೆ ನೀನು ಹೊಳೆ ದಾಟಿ ಹೋದೆ. ಮನೆಯ ಬೀಗದ ಕೈಯನ್ನು ಸಿಗಾಳಿಗೆ ಕೊಟ್ಟೆ. ನನಗೆ ಕೊಡಲಿಲ್ಲ.

ಈಗ ಎಲ್ಲ ಮುಗಿಯಿತು ಎನ್ನುತ್ತಾರೆ. ಅಧ್ಯಕ್ಷರು ವಿಮಾನ ಹತ್ತಿ ದೇಶ ಬಿಟ್ಟರು, ನಾವು ಗೆದ್ದವರು ನಿಜವಾಗಿ ಗೆದ್ದೆವು. ಊರಿನ ಹೊಸ ಸಮಿತಿಗೆ ನಾನು ಕಾರ್ಯದರ್ಶಿ. ಓದಿದವಳು, ಅಕ್ಷರ ದುಂಡಗಿದೆ ಎಂದು. ನಾನು ದುಂಡಗೆ ಬರೆದ ಮೊದಲ ಕಾಗದ ಯಾವುದು ಗೊತ್ತೇ? ಹೆಂಗಸರ ತರಕಾರಿ ತೋಟದಲ್ಲಿ ಹಸಿರು ಬಟ್ಟೆಯವರ ಪಾತಿಗಳನ್ನು ಕಿತ್ತುಕೊಂಡು ಬೇರೆಯವರಿಗೆ ಹಂಚುವ ಪಟ್ಟಿ. ಹನ್ನೊಂದು ಹೆಸರು, ಮೊದಲನೆಯದು ನಿನ್ನದು. ಬರುವ ಶನಿವಾರ ಬೂರುಗದ ಮರದ ಕೆಳಗೆ ಊರೆಲ್ಲ ಸೇರಿದಾಗ ನಾನು ಅದನ್ನು ಎದ್ದುನಿಂತು ಓದಬೇಕು. ಓದಿದರೆ ನಿನಗೆ ಮರಳಿ ಬರಲು ಊರಿನಲ್ಲಿ ಒಂದು ಗೇಣು ಮಣ್ಣೂ ಉಳಿಯದು. ಬೇಡವೆಂದು ಸಮಿತಿಯಲ್ಲಿ ಹೇಳಿ ನೋಡಿದೆ. ಬಕರಿ ಕೇಳಿದ: "ನಿಮ್ಮತ್ತೆ ಅಂತ ಬಿಟ್ಬಿಟ್ರೆ ನ್ಯಾಯ ಹೆಂಗಾಗುತ್ತಕ್ಕಾ? ನೀನೇ ಹೇಳ್ತಿದ್ದೆಯಲ್ಲ, ನ್ಯಾಯಕ್ಕೆ ನೆಂಟರಿಲ್ಲ ಅಂತ." ಹೌದು, ನಾನೇ ಹೇಳುತ್ತಿದ್ದೆ. ನೀನು ಅವನ ಹೆಸರು ಹೇಳದೆ ಉಳಿಸಿದ್ದು ಅವನಿಗೆ ಗೊತ್ತು. ಅದನ್ನು ನೆನಪಿಸಿದೆ. ಅವನು ತಲೆ ತಗ್ಗಿಸಿದ, ಆದರೆ ಪಟ್ಟಿಯ ಪರ ಕೈ ಎತ್ತಿಯೇ ಮತ ಹಾಕಿದ.

ಶನಿವಾರ ನಾನು ಆ ಪಟ್ಟಿ ಓದುವುದಿಲ್ಲ. ಅದರ ಬದಲು ಆ ಶುಕ್ರವಾರ ನಡೆದದ್ದನ್ನು ಓದುತ್ತೇನೆ. ಬಟ್ಟೆ ಕದ್ದವಳು ಯಾರು, ಹೆಣ ಕಟ್ಟಿಸಿದವಳು ಯಾರು, ಬಾಯಿ ಮುಚ್ಚಿ ನಿಂತವಳು ಯಾರು ಎಂದು. ಶಿಕ್ಷೆಯ ಪಟ್ಟಿ ಬೇಕಿದ್ದರೆ ಮೊದಲ ಹೆಸರು ನನ್ನದಾಗಲಿ ಎನ್ನುತ್ತೇನೆ. ಅವರು ಕೇಳುತ್ತಾರೋ ಇಲ್ಲವೋ ತಿಳಿಯದು. ನನ್ನನ್ನು ಸಮಿತಿಯಿಂದ ತೆಗೆಯಬಹುದು, ನಾನೂ ಹಸಿರಿಗೆ ಮಾರಿಕೊಂಡೆ ಎನ್ನಬಹುದು. ನೀನು ಬರುವುದಿದ್ದರೆ ದಯವಿಟ್ಟು ಶನಿವಾರಕ್ಕೆ ಮುಂಚೆ ಬರಬೇಡ. ನೀನು ಎದುರು ಕೂತದ್ದಕ್ಕೆ ಹೇಳಿದಳು ಎಂದು ಆಗುವುದು ಬೇಡ.

ನಾನು ಬದಲಾಗಿಲ್ಲ. ನಾಳೆ ಮತ್ತೆ ಗೋಲಿ ಕೊಟ್ಟರೆ ಬೂದಿ ಡ್ರಮ್ಮಿಗೇ ಹಾಕುತ್ತೇನೆ. ನೀನು ಹಸಿರಿಗೇ ಹಾಕುವೆ, ಗೊತ್ತು. ಮತ್ತೆ, ಮೇಷ್ಟ್ರು ಇನ್ನೂ ಬಂದಿಲ್ಲ. ಅವರ ಹೆಂಡತಿಯ ಕುರ್ಚಿ ಇನ್ನೂ ಬಾಗಿಲಲ್ಲೇ ಇದೆ. ಅದರ ಬಗ್ಗೆ ನಿನ್ನನ್ನು ಮತ್ತೆ ಕೇಳುತ್ತೇನೆ. ಈ ಸಲ ಉಪ್ಪಿನ ಡಬ್ಬಿ ದೂರ ಇಟ್ಟು ಉತ್ತರ ಕೊಡಬೇಕು. ನೀನು ನನ್ನನ್ನು ಏನು ಬೇಕಾದರೂ ಕೇಳು. ನಗೆನಂಟಸ್ತಿಕೆಯಲ್ಲಿ ಸಿಗುವ ಕ್ಷಮೆ ನನಗೆ ಬೇಡ, ಅದು ಅಮ್ಮನ ಕಡೆಯದು. ಅಲ್ಲಿ ಸಿಟ್ಟಾಗುವ ಹಾಗಿಲ್ಲ. ನನ್ನ ಮೇಲೆ ನೀನು ಸಿಟ್ಟಾಗಬೇಕು, ಅತ್ತೆ. ಬಾಯಿತುಂಬ ಬಯ್ಯಬೇಕು. ಅದಕ್ಕಾಗಿಯಾದರೂ ಬಾ.

ನಿನ್ನ ಪಾತಿಗೆ ದಿನಾ ಎರಡು ಹೊತ್ತು ನೀರು ಹಾಕುತ್ತಿದ್ದೇನೆ. ಬದನೆ ಹೂ ಬಿಟ್ಟಿದೆ. ಈರುಳ್ಳಿ ಇನ್ನು ಮೂರು ವಾರಕ್ಕೆ ಕೀಳಲು ಬರುತ್ತದೆ. ಸಿಗಾ ಬೀಗ ತೆಗೆದು ಬೋಗುಣಿ ಕೊಟ್ಟಳು, ತೊಳೆದಿಟ್ಟಿದ್ದೇನೆ. ನೀಲಿ ಹೂವಿನ ಹತ್ತಿರ ಎನಾಮಲ್ ಎದ್ದು ಕಬ್ಬಿಣ ಕಾಣುತ್ತದೆ. ತಳ ನೆಗ್ಗಿರುವುದರಿಂದ ನೆಲಕ್ಕಿಟ್ಟರೆ ನಿಲ್ಲದೆ ಅಲ್ಲಾಡುತ್ತದೆ. ಒಬ್ಬರು ಹಿಡಿದುಕೊಳ್ಳದೆ ಇನ್ನೊಬ್ಬರು ಅದರಲ್ಲಿ ಉಣ್ಣಲಾಗದು.

ನೀನು ಉಣ್ಣು. ನಾನು ಮಾತಾಡದೆ ಅಂಚು ಹಿಡಿದು ಕೂರುತ್ತೇನೆ.

ಹೊಳೆ ನಿನಗೆ ಶಾಂತವಾಗಿರಲಿ, ದಾರಿ ನಿನ್ನ ಮಂಡಿಗೆ ಹಗುರವಾಗಲಿ, ದೇವರು ನಿನ್ನ ತಲೆಯ ಮೇಲಿನ ಬಟ್ಟೆಯನ್ನು ಕಾಯಲಿ.

ನಿನ್ನ ತಮ್ಮನ ಮಗಳು,
ತೆನಿಂಗ್ ಸಾನ್ಯಾಂಗ್